ಹತ್ತನೇ ಕ್ಲಾಸು, ಕಬಡ್ಡಿ ಮತ್ತು ಮಗಳ ಮಂಡಿ

ಪ್ರಶ್ನೆ:

"ನಮಸ್ಕಾರ ಮೇಡಂ. ನಾವು ಅಂಕೋಲಾ ತಾಲೂಕಿನವರು. ಯಜಮಾನರು ಮೀನು ಹಿಡಿಯುವ ಪರ್ಸೀನ್ ಬೋಟಿಗೆ ಹೋಗುತ್ತಾರೆ. ಒಬ್ಬಳೇ ಮಗಳು, ಹದಿನಾಲ್ಕೂವರೆ ವರ್ಷ. ಮೊನ್ನೆ ಒಂಬತ್ತನೇ ಪರೀಕ್ಷೆ ಮುಗಿಯಿತು. ಆರನೇ ಕ್ಲಾಸಿನಿಂದ ಕಬಡ್ಡಿ ಆಡುತ್ತಾಳೆ, ರೈಡರ್. ಹೋದ ವರ್ಷ ಜಿಲ್ಲಾ ಮಟ್ಟಕ್ಕೂ ಹೋಗಿದ್ದಳು. ಅಲ್ಲಿಂದ ಬಂದ ಮೇಲೆ ಎಡ ಮಂಡಿ ನೋವು ಅನ್ನುತ್ತಾಳೆ, ಮೆಟ್ಟಿಲು ಇಳಿಯುವಾಗ ಜಾಸ್ತಿ. ಮುಟ್ಟಾದಾಗ ಏಳೆಂಟು ದಿನ ತುಂಬಾ ಹೋಗುತ್ತದೆ. ಎರಡು ಸಲ ಮೈದಾನದಲ್ಲೇ ತಲೆ ಸುತ್ತಿ ಕೂತಿದ್ದಾಳೆ. ಅತ್ತೆಯವರು, 'ಕಬಡ್ಡಿ ಆಡಿದ್ರೆ ಹುಡುಗಿ ಎತ್ತರ ಆಗೋದಿಲ್ಲ, ಮುಂದೆ ಮಕ್ಕಳಾಗೋದಕ್ಕೂ ತೊಂದರೆ' ಅನ್ನುತ್ತಾರೆ. ಗಣಿತದ ಅಕ್ಕೋರು ಹತ್ತನೇ ಕ್ಲಾಸಿಗೆ ಆಟ ಬಿಡಿಸಿ ಅಂದಿದ್ದಾರೆ, ಮಾರ್ಕ್ಸು 78ರಿಂದ 69 ಪರ್ಸೆಂಟಿಗೆ ಇಳಿದಿದೆ. ಊರಿನ ತಂಡದ ಕೋಚ್ ಮಾತ್ರ ಇವಳನ್ನು ಬಿಡಬೇಡಿ, ಸ್ಪೋರ್ಟ್ಸ್ ಕೋಟಾದಲ್ಲಿ ನೌಕರಿ ಗ್ಯಾರಂಟಿ ಅನ್ನುತ್ತಾರೆ. ಶನಿವಾರ ರಾತ್ರಿ ಟೂರ್ನಮೆಂಟ್ ಇದ್ದರೆ ಮನೆಗೆ ಬರುವಾಗ ಒಂದು ಗಂಟೆ, ಎರಡು ಗಂಟೆ. ಬಿಡಿಸುತ್ತೇನೆ ಅಂದರೆ ಮಗಳು ಊಟ ಬಿಟ್ಟು ಕೂರುತ್ತಾಳೆ. ನೀವೇ ಹೇಳಿ, ಬಿಡಿಸಬೇಕೋ, ಆಡಲಿ ಅಂತ ಬಿಡಬೇಕೋ?"

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿದ್ದು ಒಂದು ಪ್ರಶ್ನೆ, ನನಗೆ ಅದರೊಳಗೆ ನಾಲ್ಕು ಕಂಡವು. ಮಂಡಿಯದೊಂದು, ರಕ್ತದ್ದೊಂದು, ಹೊತ್ತಿನದೊಂದು, ನಾಲ್ಕು ಜನರ ಬಾಯಿಯದೊಂದು. ಎಲ್ಲವನ್ನೂ ಒಂದೇ ಗಂಟು ಕಟ್ಟಿ ಅದಕ್ಕೆ ಕಬಡ್ಡಿ ಅಂತ ಹೆಸರಿಟ್ಟರೆ, ಗಂಟನ್ನೇ ಬಾವಿಗೆ ಎಸೆಯೋಣ ಅನಿಸುವುದು ಸಹಜ. ಸ್ವಲ್ಪ ಬಿಚ್ಚಿ ನೋಡೋಣ.

ನಾನು ಫಿಸಿಯೋಥೆರಪಿಸ್ಟ್. ಈ ಕರಾವಳಿಯಲ್ಲೇ ಹತ್ತೊಂಬತ್ತು ವರ್ಷದಿಂದ ಮಂಡಿ, ಹಿಮ್ಮಡಿ, ಭುಜ ನೋಡುತ್ತಿದ್ದೇನೆ. ಅದಕ್ಕೂ ಮೊದಲು ನಿಮ್ಮ ಮಗಳ ಹಾಗೆ ರೈಡರ್ ಆಗಿದ್ದವಳು. ಹಾಗಾಗಿ ನನ್ನ ಮಾತಿನಲ್ಲಿ ಆಟದ ಕಡೆಗೆ ಸ್ವಲ್ಪ ವಾಲಿಕೆ ಇರುತ್ತದೆ, ಅದನ್ನು ಕಳೆದು ಓದಿಕೊಳ್ಳಿ.

ಅತ್ತೆಯವರ ಮಾತು ಮೊದಲು, ಅದು ಬೇಗ ಮುಗಿಯುತ್ತದೆ. ಕಬಡ್ಡಿಯಿಂದ ಎತ್ತರ ನಿಲ್ಲುವುದಿಲ್ಲ. ಎತ್ತರ ಬರುವುದು ಅಪ್ಪ ಅಮ್ಮನಿಂದ, ಊಟದಿಂದ, ಮತ್ತೆ ಮೈನೆರೆದ ವಯಸ್ಸಿನಿಂದ. ಮೈನೆರೆದು ಎರಡು ವರ್ಷ ಆಗುವ ಹೊತ್ತಿಗೆ ಹೆಚ್ಚಿನ ಹುಡುಗಿಯರ ಬೆಳವಣಿಗೆ ಬಹುತೇಕ ಮುಗಿದಿರುತ್ತದೆ, ಆಡಿದರೂ ಅಷ್ಟೇ, ಆಡದಿದ್ದರೂ ಅಷ್ಟೇ. ಕಬಡ್ಡಿಯಲ್ಲಿ ಗಿಡ್ಡ ಹುಡುಗಿಯರು ಜಾಸ್ತಿ ಕಾಣುತ್ತಾರೆ, ನಿಜ. ತಗ್ಗಿ ನುಸುಳುವವರಿಗೆ ಅಲ್ಲಿ ಅನುಕೂಲ, ಅದಕ್ಕೇ ಅವರು ಉಳಿಯುತ್ತಾರೆ. ವಾಲಿಬಾಲ್ ಆಡಿ ಯಾರೂ ಉದ್ದ ಆಗಲಿಲ್ಲ, ಉದ್ದ ಇದ್ದವರನ್ನೇ ವಾಲಿಬಾಲಿಗೆ ಆರಿಸುತ್ತಾರೆ. ಇನ್ನು ಮಕ್ಕಳಾಗುವ ಮಾತು. ಗರ್ಭಕೋಶ ಸೊಂಟದ ಎಲುಬಿನ ಬಟ್ಟಲಿನೊಳಗೆ ಭದ್ರವಾಗಿರುತ್ತದೆ. ಓಡಿದರೆ, ಬಿದ್ದರೆ ಅದು ಜಾರಿ ಹೋಗುವಂಥದ್ದಲ್ಲ. ಮುಟ್ಟಿನ ದಿನ ಆಡಬಾರದು ಅಂತಲೂ ಇಲ್ಲ. ಹೊಟ್ಟೆನೋವು ಇರುವ ಎಷ್ಟೋ ಹುಡುಗಿಯರಿಗೆ ಮೈ ಆಡಿಸಿದರೇ ಹಗುರ ಅನಿಸುತ್ತದೆ. ಅವಳಿಗೆ ಬೇಡ ಅನಿಸಿದ ದಿನ ಬಿಟ್ಟರಾಯಿತು.

ಆದರೆ ಅತ್ತೆಯವರ ಭಯದಲ್ಲಿ ಒಂದು ಕಾಳು ಸತ್ಯ ಇದೆ. ಊಟ ಕಡಿಮೆ, ಆಟ ಜಾಸ್ತಿ ಆದರೆ ದೇಹ ಮೊದಲು ಉಳಿತಾಯ ಮಾಡುವುದು ಮುಟ್ಟಿನಲ್ಲಿ. ಮೂರು ತಿಂಗಳು ಸಾಲಾಗಿ ಮುಟ್ಟು ನಿಂತರೆ ಅದು ಒಳ್ಳೆಯದಲ್ಲ, ಎಲುಬೂ ಸವೆಯಲು ಶುರುವಾಗಿರಬಹುದು. ಅದರಲ್ಲೂ ತೂಕದ ಮಿತಿ ಇರುವ ಪಂದ್ಯಗಳಿಗೆ ಹುಡುಗಿಯರನ್ನು ಎರಡು ದಿನ ಉಪವಾಸ ಕೆಡವುವ ಕೋಚ್‌ಗಳನ್ನು ನಾನು ಕಂಡಿದ್ದೇನೆ. ಅಂಥವರು ಸಿಕ್ಕರೆ ಅತ್ತೆಯವರನ್ನೇ ಮುಂದೆ ಬಿಡಿ.

ನಿಮ್ಮ ಮಗಳದ್ದು ಇದಕ್ಕೆ ಉಲ್ಟಾ. ಏಳೆಂಟು ದಿನ ತುಂಬಾ ಹೋಗುತ್ತದೆ, ತಲೆ ಸುತ್ತುತ್ತದೆ. ಪತ್ರದಲ್ಲಿ ನೀವು ಮಂಡಿಯನ್ನು ಮೊದಲು ಬರೆದಿರಿ, ನಾನು ಇದನ್ನು ಮೊದಲು ಇಡುತ್ತೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ದೇಶದ 15ರಿಂದ 19ರ ಹುಡುಗಿಯರಲ್ಲಿ 59 ಪರ್ಸೆಂಟ್ ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಹತ್ತರಲ್ಲಿ ಆರು ಮಂದಿ! ಹಾಗಾಗಿ 'ಹುಡುಗಿ ಸ್ವಲ್ಪ ಸುಸ್ತು, ಎಲ್ಲರೂ ಹಾಗೇ' ಅಂತ ನಮಗೆ ರೂಢಿಯಾಗಿಬಿಟ್ಟಿದೆ. ಈ ವಯಸ್ಸಿಗೆ ಹಿಮೋಗ್ಲೋಬಿನ್ 12 ಇರಬೇಕು. 9 ಇಟ್ಟುಕೊಂಡು ರೈಡ್ ಮಾಡುವ ಹುಡುಗಿಯರು ನನ್ನ ಬಳಿ ಬಂದಿದ್ದಾರೆ. ಅವರಿಗೆ ಆಟದಲ್ಲೂ ದಮ್ಮು ಇರುವುದಿಲ್ಲ, ಪುಸ್ತಕ ತೆಗೆದರೆ ಕಣ್ಣೂ ನಿಲ್ಲುವುದಿಲ್ಲ. ಮಾರ್ಕ್ಸು ಇಳಿದದ್ದಕ್ಕೆ ಕಬಡ್ಡಿಯ ಮೇಲೆ ಗೂಬೆ ಕೂರಿಸುವ ಮೊದಲು ಈ ಒಂದು ಟೆಸ್ಟ್ ಮಾಡಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ.

ಒಂದು ವಿಷಯ ಅವಳನ್ನು ಮೆಲ್ಲಗೆ ಕೇಳಿ: ಹಸಿ ಅಕ್ಕಿ, ಬಳಪ ತಿನ್ನಬೇಕು ಅನಿಸುತ್ತದಾ? ಕಬ್ಬಿಣಾಂಶ ಕಡಿಮೆಯಾದವರಿಗೆ ಆ ಚಪಲ ಬರುವುದುಂಟು. ಬೈದರೆ ಮುಚ್ಚಿಡುತ್ತಾರೆ, ನಕ್ಕು ಕೇಳಿದರೆ ಹೇಳುತ್ತಾರೆ.

ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರೆ. ವಾಂತಿ ಬರುತ್ತದೆ ಅಂತ ಅರ್ಧ ಕ್ಲಾಸಿನ ಮಕ್ಕಳು ಅದನ್ನು ಕಿಟಕಿಯಿಂದ ಆಚೆ ಬಿಸಾಡುತ್ತಾರೆ. ಊಟವಾದ ಮೇಲೆ ನುಂಗಿದರೆ ಅಷ್ಟು ತೊಂದರೆ ಇಲ್ಲ. ನಿಮ್ಮದು ಮೀನಿನ ಮನೆ, ಅದು ಅನುಕೂಲವೇ. ಬಂಗುಡೆ, ತಾರ್ಲೆ ನಡೆಯುತ್ತದೆ, ಬಳಚು ಸಿಕ್ಕರೆ ಇನ್ನೂ ಒಳ್ಳೆಯದು. ಚಿಪ್ಪಿನೊಳಗಿನ ಆ ಚೂರು ಮಾಂಸದಲ್ಲಿ ಕಬ್ಬಿಣಾಂಶ ಮೀನಿಗಿಂತ ಜಾಸ್ತಿ. ಹರಿವೆ ಸೊಪ್ಪಿಗೆ ನಿಂಬೆ ಹಿಂಡಿ, ಹುಳಿ ಇದ್ದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುತ್ತದೆ. ಊಟದ ಹಿಂದೆಯೇ ಚಾ ಕುಡಿದರೆ ಹತ್ತುವುದಿಲ್ಲ. ನಮ್ಮ ಕಡೆ ಚಾ ಬಿಡಿಸುವುದು ಕಬಡ್ಡಿ ಬಿಡಿಸುವುದಕ್ಕಿಂತ ಕಷ್ಟ, ಗೊತ್ತು. ಒಂದು ಗಂಟೆ ತಡ ಮಾಡಿ ಕೊಡಿ, ಸಾಕು. ರಕ್ತ ತೀರಾ ಕಡಿಮೆ ಬಂದರೆ ಮಾತ್ರ ಊಟದಲ್ಲಿ ಏರುವುದಿಲ್ಲ. ಮಾತ್ರೆಯನ್ನು ಡಾಕ್ಟರು ಬರೆದಷ್ಟು ತಿಂಗಳು ಪೂರ್ತಿ ನುಂಗಬೇಕು. ಇಷ್ಟು ಯಾಕೆ ಹೋಗುತ್ತಿದೆ ಅಂತ ಸ್ತ್ರೀರೋಗದ ಡಾಕ್ಟರಿಗೂ ಒಮ್ಮೆ ತೋರಿಸಿ. ಮದುವೆಯಾಗದ ಹುಡುಗಿಯನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ಹೇಗೆ ಅಂತ ಕೂತು ವರ್ಷ ಕಳೆದ ಅಮ್ಮಂದಿರನ್ನು ನೋಡಿದ್ದೇನೆ. ಹೆಚ್ಚಾಗಿ ಪ್ರಶ್ನೆ ಕೇಳಿ, ಹೊಟ್ಟೆಯ ಮೇಲಿಂದ ಸ್ಕ್ಯಾನ್ ಮಾಡಿ ಕಳಿಸುತ್ತಾರೆ, ಅಷ್ಟೇ.

ಈಗ ಮಂಡಿ.

ಈ ವಯಸ್ಸಿನ ಹುಡುಗಿಯರ ಮಂಡಿನೋವಿನಲ್ಲಿ ಮೂರು ಬಗೆ ನನ್ನ ಬಳಿ ಹೆಚ್ಚು ಬರುತ್ತದೆ. ಮನೆಯಲ್ಲೇ ಅಂದಾಜು ಮಾಡಬಹುದು. ಮಂಡಿ ಚಿಪ್ಪಿನಿಂದ ಎರಡು ಬೆರಳು ಕೆಳಗೆ ಎಲುಬು ಉಬ್ಬಿದ ಜಾಗ ಒಂದಿದೆ, ಹೆಬ್ಬೆರಳಿನಿಂದ ಒತ್ತಿ ನೋಡಿ. ಅಲ್ಲೇ 'ಅಯ್ಯೋ' ಅಂದರೆ ಅದು ಬೆಳೆಯುವ ಎಲುಬನ್ನು ತೊಡೆಯ ಸ್ನಾಯು ಜಗ್ಗಿ ಜಗ್ಗಿ ಆದ ನೋವು. ಬೆಳವಣಿಗೆ ನಿಂತ ಮೇಲೆ ತಾನಾಗಿ ಹೋಗುತ್ತದೆ. ಗುಬುಟು ಮಾತ್ರ ಉಳಿಯಬಹುದು. ಎರಡನೆಯದು ಚಿಪ್ಪಿನ ಸುತ್ತ, ಚಿಪ್ಪಿನ ಹಿಂದೆ ನೋವು. ಮೆಟ್ಟಿಲು ಇಳಿಯುವಾಗ, ಚಕ್ಕಳಮಕ್ಕಳ ಕೂತು ಏಳುವಾಗ, ಬಸ್ಸಿನಲ್ಲಿ ತುಂಬಾ ಹೊತ್ತು ಕೂತಾಗ ಬರುತ್ತದೆ. ನೀವು ಬರೆದದ್ದು ನೋಡಿದರೆ ಇದೇ ಇರಬೇಕು ಅನಿಸುತ್ತದೆ, ಆದರೆ ಕಾಗದ ಓದಿ ಮಂಡಿ ನೋಡಲು ಬರುವುದಿಲ್ಲ. ತೊಡೆ, ಪೃಷ್ಠದ ಸ್ನಾಯುಗಳಿಗೆ ಬಲ ಸಾಲದೆ, ಆಟ ಮಾತ್ರ ಏಕದಂ ಜಾಸ್ತಿಯಾದಾಗ ಬರುವ ನೋವು ಇದು. ಆರರಿಂದ ಹನ್ನೆರಡು ವಾರ ಸರಿಯಾಗಿ ವ್ಯಾಯಾಮ ಮಾಡಿದರೆ ಹೆಚ್ಚಿನವರಿಗೆ ಕಡಿಮೆಯಾಗುತ್ತದೆ.

ಮೂರನೆಯದೇ ಭಯದ್ದು. ಮಂಡಿ ತಿರುಚಿಕೊಂಡ ಕ್ಷಣ ನೆನಪಿರುತ್ತದೆ, 'ಪುಟಕ್' ಅಂತ ಸದ್ದಾಗಿರುತ್ತದೆ. ಕೆಲವೇ ಗಂಟೆಯಲ್ಲಿ ಮಂಡಿ ಎಳನೀರು ಕಾಯಿಯಷ್ಟು ಊದುತ್ತದೆ. ಊತ ಇಳಿದ ಮೇಲೂ, ತಿರುಗುವಾಗ ಮಂಡಿ 'ಕೈ ಕೊಡುತ್ತದೆ'. ಎಲುಬಿಗೆ ಎಲುಬು ಬಿಗಿಯುವ ಒಳಗಿನ ಲಿಗಮೆಂಟ್ ಹರಿದಿರುವ ಗುರುತು ಇದು. ಅದೇ ಆಟ ಆಡುವ ಹುಡುಗರಿಗಿಂತ ಹುಡುಗಿಯರಲ್ಲಿ ಈ ಗಾಯ ಕೆಲವು ಪಟ್ಟು ಜಾಸ್ತಿ.

ನನಗೆ ಆದದ್ದೂ ಇದೇ. ಹದಿನೇಳರಲ್ಲಿ, ರಾತ್ರಿ ಪಂದ್ಯದಲ್ಲಿ, ಕೊನೆಯ ರೈಡು. ಆ್ಯಂಕಲ್ ಹೋಲ್ಡ್ ಬಿತ್ತು, ಅಂದರೆ ಎದುರಾಳಿ ಪಾದದ ಗಂಟು ಹಿಡಿದಳು, ಮೈ ತಿರುಗಿತು, ಪಾದ ತಿರುಗಲಿಲ್ಲ. ನಮ್ಮ ಕೋಚ್ ಓಡಿ ಬಂದು 'ಏನಿಲ್ಲ, ಸರಿದಿದೆ' ಅಂತ ಕಾಲು ಹಿಡಿದು ಜಗ್ಗಿದರು. ಮರುದಿನ ಎಣ್ಣೆ ಹಾಕಿ ತಿಕ್ಕಿಸಿ ಪಟ್ಟು ಕಟ್ಟಿಸಿದರು. ಮೂರನೇ ವಾರಕ್ಕೆ ಮತ್ತೆ ಆಡಿಸಿದರು, ಮತ್ತೆ ಬಿದ್ದೆ. ಆಗ ಮಂಡಿಯ ಎಲುಬುಗಳ ನಡುವಿನ ಗಾದಿಯೂ ಹರಿಯಿತು. ನಾಟಿ ವೈದ್ಯದ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಊದಿದ ಮಂಡಿಯನ್ನು ಮೊದಲ ದಿನವೇ ತಿಕ್ಕುವುದು, ಎಳೆಯುವುದು ಗಾಯಕ್ಕೆ ಇನ್ನೊಂದು ಗಾಯ. ಬಟ್ಟೆಯಲ್ಲಿ ಸುತ್ತಿದ ಐಸು, ಬಿಗಿಯಲ್ಲದ ಬ್ಯಾಂಡೇಜು, ಕಾಲು ದಿಂಬಿನ ಮೇಲೆ, ಮರುದಿನ ಮೂಳೆ ಡಾಕ್ಟರು. ಇಷ್ಟೇ. ಲಿಗಮೆಂಟಿಗೆ ಆಪರೇಷನ್ ಆದರೆ ಮೈದಾನಕ್ಕೆ ಮರಳಲು ಕನಿಷ್ಠ ಒಂಬತ್ತು ತಿಂಗಳು ಬೇಕು. ಆಪರೇಷನ್ನಿಗೆ ಅಂತ ನಮ್ಮ ಜಿಲ್ಲೆಯ ಜನ ಹುಬ್ಬಳ್ಳಿ, ಮಣಿಪಾಲ, ಗೋವಾ ಅಂತ ಅಲೆಯುವುದು ನಿಮಗೇ ಗೊತ್ತು. ಖರ್ಚು ಬರೀ ಆಸ್ಪತ್ರೆಯದ್ದಲ್ಲ.

ನನ್ನ ಎಡ ಮಂಡಿ ಈಗಲೂ ಮಳೆಯ ಮುನ್ಸೂಚನೆ ಕೊಡುತ್ತದೆ. ಹವಾಮಾನ ಇಲಾಖೆಗಿಂತ ಅರ್ಧ ದಿನ ಮೊದಲು.

ಇದನ್ನು ತಡೆಯಬಹುದಾ ಅಂದರೆ, ಪೂರ್ತಿ ಅಲ್ಲ, ತುಂಬಾ ಮಟ್ಟಿಗೆ ಹೌದು. ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ನೋವು ಕಡಿಮೆ ಇರುವ ದಿನ, ಜಗಲಿಯ ಒಂದಡಿ ಎತ್ತರದ ಮೆಟ್ಟಿಲಿನಿಂದ ಎರಡೂ ಕಾಲು ಸೇರಿಸಿ ಅಂಗಳಕ್ಕೆ ಹಾರಲಿ. ನೀವು ಎದುರಿಗೆ ನಿಂತು ಮಂಡಿಗಳನ್ನೇ ನೋಡಿ. ನೆಲ ಮುಟ್ಟುವಾಗ ಎರಡೂ ಮಂಡಿ ಒಂದಕ್ಕೊಂದು ಮುತ್ತಿಡುವ ಹಾಗೆ ಒಳಗೆ ವಾಲುತ್ತವಾ? ಧಪ್ ಅಂತ ಸದ್ದಾಗುತ್ತದಾ? ಹಾಗಾದರೆ ಅವಳಿಗೆ ಇಳಿಯಲು ಯಾರೂ ಕಲಿಸಿಲ್ಲ ಅಂತ ಅರ್ಥ. ನಮ್ಮ ಮೈದಾನಗಳಲ್ಲಿ ಹಾರಲು, ಒದೆಯಲು, ಹಿಡಿಯಲು ಕಲಿಸುತ್ತಾರೆ. ಇಳಿಯುವುದನ್ನು, ನಿಲ್ಲುವುದನ್ನು ಕಲಿಸುವುದಿಲ್ಲ. ನಾನು ಹುಡುಗಿಯರಿಗೆ ಹೇಳುವುದು ಒಂದೇ ಮಾತು, ಬೆಕ್ಕು ಇಳಿದ ಹಾಗೆ ಇಳಿ ಅಂತ. ಮಂಡಿ ಮಡಚಿ, ಮಂಡಿ ಪಾದದ ನೇರಕ್ಕೆ, ಸದ್ದಿಲ್ಲದೆ. ನಾರ್ವೆ ದೇಶದಲ್ಲಿ 13ರಿಂದ 17 ವಯಸ್ಸಿನ ಹುಡುಗಿಯರ ಫುಟ್ಬಾಲ್ ತಂಡಗಳಿಗೆ ಪ್ರತಿ ಸಲ ಆಟಕ್ಕೆ ಮೊದಲು ಇಂಥದ್ದೇ ಇಪ್ಪತ್ತು ನಿಮಿಷದ ಅಭ್ಯಾಸ ಮಾಡಿಸಿ ನೋಡಿದರು. ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಭಾಗ ಕಡಿಮೆಯಾದವು. ಒಂಟಿ ಕಾಲಲ್ಲಿ ನಿಲ್ಲುವುದು, ಅರ್ಧ ಕೂತು ಏಳುವುದು, ತೊಡೆ ಹಿಂಭಾಗಕ್ಕೆ ಬಲ ಕೊಡುವುದು, ಹಾರಿ ಇಳಿಯುವುದು, ಇಷ್ಟೇ ಅದರಲ್ಲಿ ಇರುವುದು. ಒಂದು ರೂಪಾಯಿ ಖರ್ಚಿಲ್ಲ.

ಇನ್ನೊಂದು ಸಂಗತಿ ಕೋಚ್‌ಗಳ ಕಿವಿಗೂ ಬೀಳಲಿ. ಮಣ್ಣಿನ ಅಂಕಣದಲ್ಲಿ ಬರಿಗಾಲು ಸ್ವಲ್ಪ ಜಾರುತ್ತದೆ, ಅದೇ ಮಂಡಿಯನ್ನು ಉಳಿಸುತ್ತದೆ. ಮ್ಯಾಟ್ ಮೇಲೆ ಶೂ ಕಚ್ಚಿಕೊಳ್ಳುತ್ತದೆ, ಪಾದ ನಿಂತು ಮೈ ತಿರುಗುತ್ತದೆ. ಮಣ್ಣಿನಲ್ಲಿ ವರ್ಷವಿಡೀ ಆಡಿಸಿ, ನೇರ ಪಂದ್ಯದ ದಿನ ಮ್ಯಾಟ್ ಮೇಲೆ ಇಳಿಸುವುದು ಬೇಡ. ನಿಮ್ಮ ಮಗಳ ನೋವು ಜಿಲ್ಲಾ ಮಟ್ಟದಿಂದ ಬಂದ ಮೇಲೆ ಶುರುವಾಯಿತು ಅಂದಿರಲ್ಲ, ಅಲ್ಲಿ ಮ್ಯಾಟ್ ಇತ್ತಾ ಅಂತ ಕೇಳಿ.

ಮಾರ್ಕ್ಸಿನ ವಿಷಯಕ್ಕೆ ಬರೋಣ. ಗಣಿತದ ಅಕ್ಕೋರ ಕಾಳಜಿ ಸುಳ್ಳಲ್ಲ, ಅವರು ಹಿಡಿದ ಕಳ್ಳ ಮಾತ್ರ ತಪ್ಪು. ಲೆಕ್ಕ ಹಾಕಿ. ಶಾಲೆ ಬಿಟ್ಟ ಮೇಲೆ ದಿನಕ್ಕೆ ಒಂದೂವರೆ ಗಂಟೆ, ವಾರಕ್ಕೆ ಐದು ದಿನ ಪ್ರಾಕ್ಟೀಸು ಅಂದರೆ ಏಳೂವರೆ ಗಂಟೆ. ಈಗ ಒಂದು ರಾತ್ರಿ ಟೂರ್ನಮೆಂಟ್ ತೆಗೆದುಕೊಳ್ಳಿ. ಸಂಜೆ ಐದಕ್ಕೆ ಟೆಂಪೋ ಹತ್ತುತ್ತಾಳೆ. ಉದ್ಘಾಟನೆ, ಸನ್ಮಾನ, ಶಾಲು, ಭಾಷಣ. ಹತ್ತು ಗಂಟೆಗೆ ಮೊದಲ ಪಂದ್ಯ. ಹೆಂಗಸರ ಕಬಡ್ಡಿ ಅಂದರೆ ಹದಿನೈದು ಹದಿನೈದು ನಿಮಿಷದ ಎರಡು ಅವಧಿ, ಒಟ್ಟು ಅರ್ಧ ಗಂಟೆ. ಆ ಅರ್ಧ ಗಂಟೆಗೆ ಒಂಬತ್ತು ಗಂಟೆ ಹೋಯಿತು. ಭಾನುವಾರ ಮಧ್ಯಾಹ್ನದ ತನಕ ನಿದ್ದೆ, ಸೋಮವಾರದ ಮೊದಲ ಪೀರಿಯಡ್ಡಿನಲ್ಲಿ ತೂಕಡಿಕೆ. ಒಂದು ರಾತ್ರಿ ಟೂರ್ನಮೆಂಟ್ ಒಂದು ವಾರದ ಪ್ರಾಕ್ಟೀಸಿಗಿಂತ ಜಾಸ್ತಿ ಹೊತ್ತು ನುಂಗುತ್ತದೆ. ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಓದಿದ್ದು ತಲೆಯಲ್ಲಿ ಕೂರುವುದೂ ಆಗಲೇ. ಹೊನಲು ಬೆಳಕಿನಲ್ಲಿ ಆಡುವ ಖುಷಿ ನನಗೆ ಗೊತ್ತಿದೆ, ಮೈಕಿನಲ್ಲಿ ಹೆಸರು ಕೂಗಿದಾಗ ರೋಮ ಏಳುತ್ತದೆ. ಆದರೆ ನಿದ್ದೆಗೆಟ್ಟ ಮೈಗೆ ಗಾಯ ಬೇಗ. ನನ್ನ ಬಳಿ ಬರುವ ಗಾಯಗಳಲ್ಲಿ ರಾತ್ರಿ ಹನ್ನೆರಡರ ಮೇಲಿನವೇ ಜಾಸ್ತಿ.

ಮತ್ತೆ ಮೊಬೈಲಿನ ಹೊತ್ತನ್ನೂ ಒಂದು ವಾರ ಬರೆದಿಡಿ. ಅದರ ಬಗ್ಗೆ ನಾನೇನೂ ಹೇಳುವುದಿಲ್ಲ, ಚೀಟಿಯೇ ಹೇಳುತ್ತದೆ.

ನೌಕರಿ ಗ್ಯಾರಂಟಿ ಅಂದ ಕೋಚ್ ಮಾತಿಗೆ ನನ್ನದು ಖಡಾಖಂಡಿತ ಉತ್ತರ: ಗ್ಯಾರಂಟಿ ಇಲ್ಲ. ಕಬಡ್ಡಿಯಿಂದ ಬದುಕು ಕಟ್ಟಿಕೊಂಡವರು ಇದ್ದಾರೆ. ಪಕ್ಕದ ಉಡುಪಿ ಜಿಲ್ಲೆಯ ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ರೈಲ್ವೆ ನೌಕರಿಗೆ ಸೇರಿದರು. 2010 ಮತ್ತು 2014ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು, ಅರ್ಜುನ ಪ್ರಶಸ್ತಿಯೂ ಬಂತು. ಹುಡುಗಿಯರಿಗೆ ಅವರ ಕತೆ ಹೇಳಲೇಬೇಕು. ಅದರ ಜೊತೆಗೆ ಏಣಿಯ ಲೆಕ್ಕವನ್ನೂ ಹೇಳಬೇಕು. ತಾಲೂಕು, ಜಿಲ್ಲೆ, ಆಮೇಲೆ ಬೆಳಗಾವಿ ವಿಭಾಗ, ಆಮೇಲೆ ರಾಜ್ಯ, ಆಮೇಲೆ ರಾಷ್ಟ್ರ. ಒಂದೊಂದು ಮೆಟ್ಟಿಲಿಗೆ ಒಂದೊಂದೇ ತಂಡ ಹತ್ತುತ್ತದೆ. ಕೋಟಾದ ಸಾಲಿನಲ್ಲಿ ಮುಂದೆ ನಿಲ್ಲುವುದು ಮೇಲಿನ ಮೆಟ್ಟಿಲು ಮುಟ್ಟಿದವರು. ಊರೂರಿನ ಆಹ್ವಾನಿತ ಟೂರ್ನಮೆಂಟಿನ ಆಳೆತ್ತರದ ಟ್ರೋಫಿಗೆ ಅಲ್ಲಿ ಬೆಲೆ ಇಲ್ಲ. ಅದು ಶೋಕೇಸಿಗೆ ಚಂದ. ಬೇಕಿರುವುದು ಮಾನ್ಯತೆ ಇರುವ ಪಂದ್ಯದ ಸರ್ಟಿಫಿಕೇಟು. ಕೋಚ್ ಆಡಿಸುತ್ತಿರುವುದು ಯಾವುದು ಅಂತ ಕೇಳಿ ನೋಡಿ.

ಆಟವೊಂದನ್ನೇ ನಂಬಿ ಮಕ್ಕಳನ್ನು ಕಳಿಸಿದರೆ ಏನಾಗಬಹುದು ಅಂತ ನಮ್ಮ ಜಿಲ್ಲೆ ಒಮ್ಮೆ ನೋಡಿದೆ. 1980ರ ದಶಕದಲ್ಲಿ ಕೇಂದ್ರ ಸರ್ಕಾರ ಓಟ, ಜಿಗಿತಕ್ಕೆ ಅಂತ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ದೂರದ ತರಬೇತಿ ಕೇಂದ್ರಗಳಿಗೆ ಕರೆದುಕೊಂಡು ಹೋಯಿತು. ಮಕ್ಕಳು ಪದಕ ತಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಕೆಲವರಿಗೆ ನೌಕರಿ ಸಿಕ್ಕಿತು, ಎಷ್ಟೋ ಮಂದಿ ಯಲ್ಲಾಪುರ, ಹಳಿಯಾಳದ ಕಾಡಂಚಿನ ಮನೆಗಳಿಗೆ ವಾಪಸ್ಸು ಬಂದು ಕೂಲಿಗೆ ಹೋದರು. ಕಾಲಲ್ಲಿ ಕಸುವು ಇತ್ತು, ಕೈಯಲ್ಲಿ ಬೇರೆ ಏನೂ ಇರಲಿಲ್ಲ. ಅದಕ್ಕೇ ಅಕ್ಕೋರ ಗಣಿತವೂ ಬೇಕು ಅನ್ನುವುದು.

ಹಾಗಾದರೆ ಬಿಡಿಸಿಬಿಡುವುದೇ ಸುಲಭ ಅಲ್ವಾ ಅಂತ ನೀವು ಕೇಳಬಹುದು. ಒಂದು ವರ್ಷದ ಮಟ್ಟಿಗೆ ಸುಲಭ. ಆದರೆ ಹತ್ತನೇ ಕ್ಲಾಸಿಗೆ ಅಂತ ಬಿಟ್ಟ ಹುಡುಗಿ ಮರಳಿ ಮೈದಾನಕ್ಕೆ ಬಂದದ್ದನ್ನು ನಾನು ನೋಡಿರುವುದು ಬೆರಳೆಣಿಕೆಯಷ್ಟು. ಹುಡುಗರು ಬರುತ್ತಾರೆ. ಕಾರವಾರದ ಮಾಲಾದೇವಿ ಮೈದಾನಕ್ಕೆ ಸಂಜೆ ಹೋಗಿ ನೋಡಿ, ಹುಡುಗರು ಒಂದರ ಮೈಮೇಲೆ ಒಂದು ಕ್ರಿಕೆಟ್ ಪಂದ್ಯ ಆಡುತ್ತಿರುತ್ತಾರೆ. ಹದಿನಾರು ದಾಟಿದ ಹುಡುಗಿಯರು ಅಂಚಿನಲ್ಲಿ ವಾಕಿಂಗ್ ಮಾಡುತ್ತಿರುತ್ತಾರೆ. 5ರಿಂದ 17ರ ಮಕ್ಕಳು ದಿನಕ್ಕೆ ಸರಾಸರಿ ಒಂದು ಗಂಟೆ ಬೆವರು ಬರುವಷ್ಟು ಮೈ ಆಡಿಸಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಲುಬಿನ ಗಟ್ಟಿತನದ ಠೇವಣಿ ಇಡುವುದೇ ಈ ವಯಸ್ಸಿನಲ್ಲಿ. ನಲವತ್ತೈದು ದಾಟಿದ ಮೇಲೆ ಸೊಂಟನೋವು, ಮಂಡಿನೋವು ಅಂತ ನನ್ನ ಬಳಿ ಬರುವ ಹೆಂಗಸರನ್ನು ಕೊನೆಯ ಸಲ ಓಡಿದ್ದು ಯಾವಾಗ ಅಂತ ಕೇಳಿದರೆ, ಸುಮಾರು ಜನ 'ಶಾಲೆಯಲ್ಲಿ' ಅಂತ ನಗುತ್ತಾರೆ.

ಇನ್ನೊಂದು ಇದೆ, ಅದನ್ನು ಯಾವ ಟೆಸ್ಟಿನಲ್ಲೂ ಅಳೆಯಲಾಗುವುದಿಲ್ಲ. ಕಬಡ್ಡಿಯಲ್ಲಿ ರೈಡರ್ ಬಂದಾಗ ಹಿಡಿಯುವವರು ಕೈಗೆ ಕೈ ಕೊಟ್ಟು ಚೈನ್ ಹಾಕುತ್ತಾರೆ. ಎಂಟನೇ ಕ್ಲಾಸಿನಲ್ಲಿ ನನ್ನ ಬಲಗೈ ಹಿಡಿಯುತ್ತಿದ್ದ ಹುಡುಗಿಯ ಮನೆಯಲ್ಲಿ ನಾನು ಜಗಲಿ ದಾಟಿ ಒಳಗೆ ಹೋಗುವ ಹಾಗಿರಲಿಲ್ಲ. ನೀರು ಬೇಕಾದರೆ ಹೊರಗೆ ತಂದು ಕೊಡುತ್ತಿದ್ದರು. ಅಂಕಣದಲ್ಲಿ ಮಾತ್ರ ಅವಳ ಬೆರಳು ನನ್ನ ಮಣಿಕಟ್ಟಿನಲ್ಲಿ ಅಚ್ಚು ಬೀಳುವಷ್ಟು ಬಿಗಿ. ಕೈ ಸಡಿಲ ಬಿಟ್ಟರೆ ರೈಡರ್ ತಪ್ಪಿಸಿಕೊಳ್ಳುತ್ತಾಳಲ್ಲ! ಅವಳಮ್ಮ ಪಂದ್ಯ ನೋಡಲು ಬಂದದ್ದು ಒಂದೇ ಸಲ. ಗೆದ್ದ ಮೇಲೆ ನಮ್ಮ ಏಳೂ ಜನರಿಗೆ ಒಂದೇ ಚೊಂಬಿನಲ್ಲಿ ಮುರುಗಲ ಪಾನಕ ಕೊಟ್ಟಿದ್ದರು. ಜಾತಿ ಹೋಯಿತು ಅಂತ ನಾನು ಹೇಳುತ್ತಿಲ್ಲ. ಆ ಚೊಂಬು ಮಾತ್ರ ನೆನಪಿದೆ.

ಸರಿ, ಈಗ ನಿಮ್ಮ ಎದುರಿಗಿರುವ ದಾರಿಗಳು. ಈಗಿನ ಹಾಗೆಯೇ ಬಿಟ್ಟರೆ ಮಂಡಿ, ರಕ್ತ ಎರಡೂ ಹದಗೆಡುತ್ತವೆ, ಆ ಅಪಾಯ ತೆಗೆದುಕೊಳ್ಳಬೇಡಿ. ಪೂರ್ತಿ ಬಿಡಿಸಿದರೆ ಏನಾಗಬಹುದು ಅಂತ ಹೇಳಿದೆ. ಊಟ ಬಿಟ್ಟು ಕೂರುವ ಹುಡುಗಿ ಸಿಟ್ಟಿನಲ್ಲಿ ಪುಸ್ತಕ ಹಿಡಿಯುತ್ತಾಳೆ ಅನ್ನುವ ಭರವಸೆ ನನಗಿಲ್ಲ. ಕ್ರೀಡಾ ಹಾಸ್ಟೆಲಿಗೆ ಸೇರಿಸುವ ಯೋಚನೆ ನಿಮ್ಮ ಕೋಚ್ ಇವತ್ತಲ್ಲ ನಾಳೆ ಹೇಳಬಹುದು. ಅಲ್ಲಿ ಊಟ, ಮೈದಾನ, ಕೋಚಿಂಗ್ ಸಿಗುತ್ತದೆ, ಎಷ್ಟೋ ಮಕ್ಕಳಿಗೆ ಒಳ್ಳೆಯದಾಗಿದೆ. ಆದರೆ ಮಂಡಿ ನೋಯುತ್ತಿರುವಾಗ, ಹತ್ತನೇ ಕ್ಲಾಸಿನ ಮಧ್ಯೆ, ಮನೆಬಿಟ್ಟು ಹೋಗುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಪಿಯುಸಿಗೆ ಯೋಚಿಸಬಹುದು.

ನನ್ನ ಮಗಳಾಗಿದ್ದರೆ ಹೀಗೆ ಮಾಡುತ್ತಿದ್ದೆ. ಇವತ್ತಿನಿಂದ ಆರು ವಾರ ರೈಡು ಇಲ್ಲ. ಮೈದಾನ ಬಿಡಿಸುವುದಿಲ್ಲ, ಅಲ್ಲೇ ಪಕ್ಕದಲ್ಲಿ ತೊಡೆ, ಪೃಷ್ಠದ ವ್ಯಾಯಾಮ, ಬೆಕ್ಕಿನ ಇಳಿತ. ಮಂಡಿ ನೋಯದಿದ್ದರೆ ಸಮುದ್ರದಂಡೆಯ ಗಟ್ಟಿ ಮರಳಿನ ಮೇಲೆ ನಡಿಗೆ. ಅಷ್ಟರಲ್ಲಿ ಮಳೆ ಶುರುವಾಗಿ ಟೂರ್ನಮೆಂಟುಗಳು ತಾವೇ ನಿಲ್ಲುತ್ತವೆ. ಜೂನ್, ಜುಲೈ ಎರಡು ತಿಂಗಳು ಬೋಟಿಗೆ ರಜೆ, ಯಜಮಾನರು ಮನೆಯಲ್ಲಿರುತ್ತಾರೆ. ಮಾತು ಆಗಬೇಕಾದ್ದು ಆಗ, ಅವರನ್ನೂ ಕೂರಿಸಿಕೊಂಡು. ಮಂಡಿ ಸರಿಯಾದರೆ ಆಗಸ್ಟಿನಿಂದ ಶಾಲೆಯ ತಂಡಕ್ಕೆ ಮಾತ್ರ ಆಡಲಿ. ಮಾರ್ಚಿನ ಪರೀಕ್ಷೆ ಮುಗಿಯುವ ತನಕ ರಾತ್ರಿ ಟೂರ್ನಮೆಂಟ್ ಒಂದೂ ಬೇಡ. ಇದಕ್ಕೆ ಕೋಚ್ ಮುಖ ಊದಿಸುತ್ತಾರೆ, ಮಗಳೂ ಎರಡು ದಿನ ಊದಿಸುತ್ತಾಳೆ. ಇದರಲ್ಲೂ ಅಪಾಯ ಇಲ್ಲ ಅಂತಲ್ಲ. ಊರಿನ ತಂಡದಲ್ಲಿ ಅವಳ ಜಾಗಕ್ಕೆ ಬೇರೆಯವಳು ಬರಬಹುದು. ಅದನ್ನು ಅವಳಿಗೆ ಮೊದಲೇ ಹೇಳಿಬಿಡಿ, ಆಮೇಲೆ ಗೊತ್ತಾದರೆ ಮೋಸ ಅನಿಸುತ್ತದೆ. ಶಾಲೆ ಶುರುವಾದ ಮೇಲೆ ನಾಲ್ಕು ಗಂಟೆಗೆ, ಆಟಕ್ಕೆ ಮೊದಲು, ಎರಡು ಬಾಳೆಹಣ್ಣೋ ಶೇಂಗಾ ಚಿಕ್ಕಿಯೋ ಚೀಲದಲ್ಲಿ ಇರಲಿ. ಮಧ್ಯಾಹ್ನ ಒಂದಕ್ಕೆ ಉಂಡದ್ದು ಸಂಜೆ ಐದರ ರೈಡಿಗೆ ಸಾಲುವುದಿಲ್ಲ.

ನೀವು ಕೇಳದ ಒಂದು ವಿಷಯ, ಕೇಳಲು ಮುಜುಗರ ಆಗಿರಲೂಬಹುದು. ಹುಡುಗಿಯರ ತಂಡ ಹೊರಗೂರಿಗೆ ಹೋಗುವಾಗ ಜೊತೆಗೆ ಹೆಂಗಸೊಬ್ಬರು ಇರಲೇಬೇಕು. ಕೋಚ್ ಒಬ್ಬರೇ ಬೈಕಿನಲ್ಲಿ ಮನೆಗೆ ಬಿಡುವುದು, ರಾತ್ರಿ ಮೆಸೇಜು ಕಳಿಸುವುದು, ಮಸಾಜು ಅಂತ ತಾವೇ ಕೈಹಾಕುವುದು, ಈ ಮೂರೂ ಬೇಡ ಅಂತ ನೇರವಾಗಿ ಹೇಳಿ. ಒಳ್ಳೆಯ ಕೋಚ್‌ಗೆ ಇದರಿಂದ ಬೇಜಾರಾಗುವುದಿಲ್ಲ. ಏನಾದರೂ ಆದರೆ 1098ಕ್ಕೆ ಮಕ್ಕಳೇ ಫೋನು ಮಾಡಬಹುದು ಅಂತಲೂ ಅವಳಿಗೆ ಗೊತ್ತಿರಲಿ.

ಮೊದಲು ಹಿಮೋಗ್ಲೋಬಿನ್ ಮಾಡಿಸಿ. ಆಮೇಲೆ ಮಂಡಿಯನ್ನು ಮೂಳೆ ಡಾಕ್ಟರಿಗೆ ತೋರಿಸಿ, ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದರೂ ಆದೀತು. ನನ್ನ ಬಳಿಯೋ ಬೇರೆ ಫಿಸಿಯೋ ಬಳಿಯೋ ಹೋಗುವಾಗ ಅವಳು ಆಡುವ ಶೂ ತೆಗೆದುಕೊಂಡು ಹೋಗಿ, ಸೋಲ್ ಸವೆದ ಬಗೆ ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ. ಮತ್ತೆ, ಅಲ್ಲಿ ಮಾತಾಡುವುದು ಅವಳೇ ಆಗಲಿ. ನೀವು ಪಕ್ಕದಲ್ಲಿ ಕೂತಿರಿ.